ಮಾಲೆಯ ಮೊಳೆ

ನಮ್ಮ ಅಂಗಡಿಗೆ ಬರುವ ಮುಖಗಳು ಎರಡೇ ಜಾತಿ:
ಮೊಳೆ ಬೇಕಾದವು, ಬೇಡವಾದವು.
ಮದುವೆಯ ಜೋಡಿ, ನಾಮಕರಣದ ಕೂಸು, ಪದವಿಯ ಕರಿ ಟೋಪಿ
ಇವಕ್ಕೆ ಹಿಂದೊಂದು ಕೊಂಡಿ ಸಾಕು.
ಹೋದವರಿಗೆ ಮಾತ್ರ ಮೇಲಂಚಿನಲ್ಲಿ
ಎಡಕ್ಕೊಂದು ಬಲಕ್ಕೊಂದು
ಹಿತ್ತಾಳೆಯ ಪುಟ್ಟ ಮೊಳೆ,
ಮಾಲೆ ಹಾಕಲು.
ಯಾರನ್ನೂ ಕೇಳುವುದಿಲ್ಲ ನಾನು. ತಂದವರ ಕೈ ನೋಡಿದರೆ ತಿಳಿಯುತ್ತದೆ,
ಎದೆಗೊತ್ತಿಕೊಂಡು ಬಂದರೋ
ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದರೋ.

ದಾಕ್ಷಾಯಣಿ ತಂದದ್ದು ಸೈಕಲ್ಲಿನ ಕ್ಯಾರಿಯರ್ ಮೇಲೆ,
ಸಿಮೆಂಟ್ ಚೀಲದ ಕಾಗದ ಸುತ್ತಿ, ಟ್ಯೂಬಿನ ರಬ್ಬರು ಬಿಗಿದು.
‘ನಮ್ಮಪ್ಪ’ ಅಂದಳು. ‘ಸೋಮವಾರ ಕಾಲೇಜಿನಾಗೆ ಪ್ರದರ್ಶನ, ದಾದಾಪೀರಣ್ಣ,
ತೆಳ್ಳನೆ ಪಟ್ಟಿ ಹಾಕು, ಹೂಬಳ್ಳಿ ಕೆತ್ತಿದ್ದು ಬ್ಯಾಡ.’
ರೈಲ್ವೆ ಗೇಟು ಬೀಳುತ್ತದೆಂದು ಪೆಡಲು ತುಳಿದಳು.

ಬಿಚ್ಚಿದೆ.
ಅಪ್ಪ ಎಲ್ಲಿದ್ದಾನೆಂದು ಹುಡುಕಿದೆ.
ಹಣೆ ಹಸಿರು. ಎಲೆಯ ಹಸಿರಲ್ಲ,
ತಾಮ್ರದ ಚೊಂಬನ್ನು ಹಿತ್ತಿಲಲ್ಲಿ ಮರೆತರೆ ಏಳುತ್ತದಲ್ಲ, ಅದು.
ಒಂದು ಕಣ್ಣು ಇದ್ದಲ್ಲೇ ಇದೆ, ಇನ್ನೊಂದು ಕೆನ್ನೆಗಿಳಿದು
ಕೆಳಗೆ ಏನನ್ನೋ ಎಣಿಸುತ್ತಿದೆ.
ಬಾಯಿರಬೇಕಾದ ಕಡೆ ಅಡ್ಡಲಾಗಿ ಒಂದು ಲಾಳಿ.
ಹಿಂದೆ ಗೋಡೆ, ಗೋಡೆಗೆ ಗಡಿಯಾರ, ಗಡಿಯಾರಕ್ಕೆ ಮೂರೇ ಅಂಕಿ.
ಅದೊಂದು ಥಟ್ಟನೆ ತಿಳಿಯಿತು.
ದಾವಣಗೆರೆಯಲ್ಲಿ ಹುಟ್ಟಿದವನಿಗೆ
ಮೂರು ಪಾಳಿ ಎಂದರೇನೆಂದು ಬಿಡಿಸಿ ಹೇಳಬೇಕೆ?
ಸೈರನ್ನು ನಿಂತು ಎಷ್ಟೋ ವರ್ಷವಾದರೂ
ಆ ಹೊತ್ತಿಗೇ ಹಸಿವಾಗುತ್ತದೆ.

ಕುರ್ಚಿಯ ಮೇಲೆ ಕೂತಿದ್ದಾನೆ, ಸರಿ.
ಕೂತಿರುವುದು ಬದುಕಿನ ಗುರುತಲ್ಲ;
ಅವರ ಮಂದಿ, ಹೋದವರನ್ನೂ ಕೂರಿಸಿಯೇ ಕಳಿಸುತ್ತಾರೆ.

ಕೈ ಹಿಡಿದು ನಿಲ್ಲಿಸಿದ್ದು ಬಿಳಿ.
ಮೂಗಿನ ಮಗ್ಗುಲಿಂದ ಕಿವಿಯವರೆಗೆ
ಚಾಕುವಿನಲ್ಲಿ ಮೆತ್ತಿದ ದಪ್ಪ ಬಿಳಿ, ಒಣಗಿ ಬಿರುಕು ಬಿಟ್ಟದ್ದು.
ಬೆರಳಿಟ್ಟೆ. ಹತ್ತಿ.
ಹತ್ತಿ ಕಿವಿಯಲ್ಲಿದ್ದರೆ ಮನುಷ್ಯ ಮಗ್ಗದ ಮುಂದೆ.
ಮೂಗಿನಲ್ಲಿದ್ದರೆ ಮಗ್ಗ ನಿಂತಿದೆ.
ಇವಳು ಎರಡರ ನಡುವೆ ಎಳೆದುಬಿಟ್ಟಿದ್ದಾಳೆ
ಒಂದೇ ಎಳೆತ, ಕೈಯೆತ್ತದೆ.

ಪಕ್ಕದ ಸ್ಟುಡಿಯೋದ ಪಾಂಡುರಂಗ ಬಂದು ‘ಕಾಮಾಲೆ’ ಎಂದ.
ಟೀ ಹುಡುಗ ‘ರಾಕ್ಷಸ’ ಎಂದು ಎರಡು ಸಲ ನೋಡಿದ.
ಸಂಜೆ ಮಂಡಕ್ಕಿ ಭಟ್ಟಿಗಳ ಹೊಗೆ ಬೀದಿಗಿಳಿದು
ಟ್ಯೂಬ್‌ಲೈಟಿನ ಕೆಳಗೆ ಹಸಿರು ಬೂದಿಯಾಯಿತು,
ಇಳಿದ ಕಣ್ಣು ನನ್ನ ಸುತ್ತಿಗೆಯನ್ನು ಎಣಿಸತೊಡಗಿತು.

ಮಿಲ್ಲಿನಿಂದ ಬಂದು ನಮ್ಮ ಅಬ್ಬಾ ಹೀಗೇ ಕೂರುತ್ತಿದ್ದರು.
ಅಮ್ಮಿ ಕರೆದರೆ ತಿರುಗುತ್ತಿರಲಿಲ್ಲ.
ಸಿಟ್ಟು ಎಂದುಕೊಂಡಿದ್ದೆವು,
ಹದಿನಾಲ್ಕು ವರ್ಷ, ಸಿಟ್ಟು ಎಂದೇ.

ಎಂಟು ಗಂಟೆಗೆ ಎಡದ ಮೊಳೆ ಹೊಡೆದೆ.
ಬಲದ್ದನ್ನು ತುಟಿಯಲ್ಲಿ ಕಚ್ಚಿಕೊಂಡು
ತುಂಬಾ ಹೊತ್ತು ನಿಂತೆ.
ಆಮೇಲೆ ಇಕ್ಕಳ ತಂದು ಹೊಡೆದದ್ದನ್ನೂ ಕಿತ್ತೆ.
ಸಾಸಿವೆಯಷ್ಟು ತೂತು ಉಳಿಯಿತು. ಮೇಣ ತುಂಬಬಹುದಿತ್ತು.
ತುಂಬಲಿಲ್ಲ.

ಸೋಮವಾರ ದಾಕ್ಷಾಯಣಿ ಬರಲಿಲ್ಲ.
ಪಂಚೆ, ಕಂದು ಸ್ವೆಟರು, ಎರಡೂ ಕಣ್ಣು ಇದ್ದಲ್ಲೇ ಇದ್ದ ಒಬ್ಬ ಮನುಷ್ಯ.
ಆದರೂ ಗುರುತು ಹತ್ತಿತು: ನೋಟ ಕೆನ್ನೆಯ ಮೇಲಿಂದ ಜಾರುತ್ತಿತ್ತು.
ಹಾಲೇಶಪ್ಪ ಚಿತ್ರ ನೋಡಲಿಲ್ಲ.
ಹೆಬ್ಬೆರಳನ್ನು ಚೌಕಟ್ಟಿನ ಮೂಲೆಯ ಬೆಸುಗೆಗೆ ಒತ್ತಿ
‘ಒಂದು ನೂಲು ಹೆಚ್ಚೈತಿ ನೋಡಿಲ್ಲಿ’ ಎಂದ
ನೂರು ಮಗ್ಗದ ಸದ್ದಿನ ಮೇಲೆ ಹೇಳುವವನ ಹಾಗೆ.
ನೋಡಿದೆ. ಹೆಚ್ಚಿತ್ತು.
ಹೆಬ್ಬೆರಳು ಮೇಲಂಚಿನ ಗುಂಟ ನಡೆದು
ಎಡಕ್ಕೆ ಬಂದು ನಿಂತಿತು.
‘ಇದ್ಯಾಕೆ ತೂತು?’

ಬೀದಿಯೆಲ್ಲ ತಿರುಗಿತು.
ಮೆಲ್ಲಗೆ ಹೇಳಬೇಕಾದ ಮಾತು.
ಅವನಿಗೆ ಕೂಗಿಯೇ ಹೇಳಬೇಕು.
ಬೆರಳನ್ನು ಅಲ್ಲೇ ಇಟ್ಟುಕೊಂಡು
ನನ್ನ ಬಾಯಿಯನ್ನೇ ನೋಡುತ್ತ
ನಿಂತಿದ್ದ.